ಓದುಗರ ಪ್ರಶ್ನೆ: ಹಾನ್‌ಕೌ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ತಾತನ ಕಾಲದ ಭೂಪಟದಲ್ಲಿ ಯಾಂಗ್‌ತ್ಸಿ ನದಿಯ ದಡದಲ್ಲಿ ಹಾನ್‌ಕೌ ಎಂಬ ಊರಿದೆ. ಈಗಿನ ಭೂಪಟದಲ್ಲಿ ಆ ಜಾಗದಲ್ಲಿ ವುಹಾನ್ ಎಂದಿದೆ. ಊರಿನ ಹೆಸರು ಬದಲಾಯಿತೇ? ಹುಬೇ, ಹುನಾನ್ ಎಂಬ ಪ್ರಾಂತ್ಯಗಳ ಹೆಸರಿಗೂ ಒಂದಕ್ಕೊಂದು ನಂಟಿದೆಯೇ?
– ಓದುಗರೊಬ್ಬರು, ಹರಿಹರ

ಉತ್ತರ: ಹೆಸರು ಬದಲಾಗಲಿಲ್ಲ, ಮೂರು ಊರು ಸೇರಿ ಒಂದಾದವು. ಹಾನ್ ನದಿಯು ಯಾಂಗ್‌ತ್ಸಿಯನ್ನು ಕೂಡುವ ಸಂಗಮದಲ್ಲಿ, ಯಾಂಗ್‌ತ್ಸಿಯ ಬಲದಂಡೆಯಲ್ಲಿ ವುಚಾಂಗ್, ಎಡದಂಡೆಯಲ್ಲಿ ಹಾನ್ ನದಿಯ ಎರಡು ಮಗ್ಗುಲಿಗೆ ಹಾನ್‌ಕೌ ಮತ್ತು ಹಾನ್‌ಯಾಂಗ್ ಇವೆ. ವುಚಾಂಗ್ ಅಧಿಕಾರಿಗಳ ಊರು. 1911ರ ಅಕ್ಟೋಬರ್ 10ರಂದು ಅಲ್ಲಿನ ಸೈನಿಕರು ಎದ್ದ ದಂಗೆಯೇ ಚಿಂಗ್ ಅರಸೊತ್ತಿಗೆಯನ್ನು ಕೊನೆಗಾಣಿಸಿತು. ಹಾನ್‌ಕೌ ವ್ಯಾಪಾರದ ಪೇಟೆ. 1861ರಲ್ಲಿ ವಿದೇಶಿ ವರ್ತಕರಿಗೆ ತೆರೆದುಕೊಂಡದ್ದರಿಂದ ಹೊರಗಿನವರ ಭೂಪಟಗಳಲ್ಲಿ ಅದೇ ಹೆಸರು ದಪ್ಪಕ್ಷರದಲ್ಲಿ ಕೂತಿತು. 1927ರಲ್ಲಿ ಮೂರನ್ನೂ ಕೂಡಿಸಿದಾಗ ವುಚಾಂಗಿನ ‘ವು’ ಮತ್ತು ಉಳಿದೆರಡರ ‘ಹಾನ್’ ಸೇರಿ ವುಹಾನ್ ಆಯಿತು. ನಡುವೆ ಬೇರ್ಪಟ್ಟವು 1949ರಲ್ಲಿ ಮತ್ತೆ ಒಂದಾದವು.

ಇಲ್ಲೊಂದು ಸ್ವಾರಸ್ಯವಿದೆ. ನದಿಗೆ ಸಂಬಂಧಿಸಿ ಹೇಳುವಾಗ ಚೀನೀ ಭಾಷೆಯ ‘ಯಾಂಗ್’ ಪದಕ್ಕೆ ಉತ್ತರ ದಂಡೆ ಎಂದರ್ಥ. ಆದರೆ ಹಾನ್‌ಯಾಂಗ್ ಇರುವುದು ಹಾನ್ ನದಿಯ ದಕ್ಷಿಣಕ್ಕೆ! ತಪ್ಪು ಹೆಸರಿಟ್ಟವರದ್ದಲ್ಲ; 15ನೇ ಶತಮಾನದ ಉತ್ತರಾರ್ಧದಲ್ಲಿ ನದಿಯೇ ಪಾತ್ರ ಬದಲಿಸಿತು. ಹೊಸ ಪಾತ್ರದ ಉತ್ತರಕ್ಕೆ ಬಿದ್ದ ತಗ್ಗುನೆಲದಲ್ಲಿ ಹುಟ್ಟಿದ ಪೇಟೆಯೇ ಹಾನ್‌ಕೌ, ಅಂದರೆ ‘ಹಾನ್ ನದಿಯ ಬಾಯಿ’.

ಕಾಗದದ ಮೇಲೆ ಒಂದಾದ ಊರನ್ನು ನಿಜವಾಗಿ ಬೆಸೆದದ್ದು 1957ರ ಸೇತುವೆ ಎಂದೇ ನನ್ನ ಅಭಿಪ್ರಾಯ. ಅದಕ್ಕೂ ಮೊದಲು ರೈಲಿನ ಬೋಗಿಗಳನ್ನೇ ಹಡಗಿಗೆ ಹತ್ತಿಸಿ ಯಾಂಗ್‌ತ್ಸಿ ದಾಟಿಸುತ್ತಿದ್ದರು. ಈ ಸೇತುವೆ ಕಟ್ಟುವಾಗ, 1884ರಲ್ಲಿ ಸುಟ್ಟುಹೋಗಿದ್ದ ಹಳದಿ ಕೊಕ್ಕರೆ ಗೋಪುರದ ನಿವೇಶನ ಅದರ ಪಾಲಾಯಿತು. ಆದ್ದರಿಂದ ಇಂದು ಪ್ರವಾಸಿಗರು ಹತ್ತುವ ಗೋಪುರ ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಆಚೆ 1985ರಲ್ಲಿ ಎದ್ದ ಕಾಂಕ್ರೀಟ್ ಕಟ್ಟಡ. ಒಳಗೆ ಲಿಫ್ಟ್ ಕೂಡ ಇದೆ. ಹಳೆಯ ಹೆಸರುಗಳು ಮಾತ್ರ ಅಳಿದಿಲ್ಲ. ಹಾನ್‌ಕೌ, ವುಚಾಂಗ್, ವುಹಾನ್ ಎಂಬ ಬೇರೆ ಬೇರೆ ರೈಲು ನಿಲ್ದಾಣಗಳಿರುವುದರಿಂದ ಟಿಕೆಟ್ ನೋಡದೆ ಹೊರಟವರು ನದಿಯ ತಪ್ಪು ದಂಡೆಗೆ ಹೋಗಿ ನಿಲ್ಲಬೇಕಾದೀತು.

ಇನ್ನು ಪ್ರಾಂತ್ಯಗಳ ಮಾತು. ‘ಹು’ ಎಂದರೆ ಸರೋವರ, ‘ಬೇ’ ಉತ್ತರ, ‘ನಾನ್’ ದಕ್ಷಿಣ. ಆ ಸರೋವರ ದೊಂಗ್‌ತಿಂಗ್. ವುಹಾನ್ ರಾಜಧಾನಿಯಾಗಿರುವ ಹುಬೇಗೆ ಹೆಸರು ಕೊಟ್ಟ ಈ ಸರೋವರ ಇರುವುದು ಮಾತ್ರ ಹುನಾನಿನಲ್ಲಿ.