ರೈಲಿಗಿಂತ ಗಿಡ್ಡವಾದ ನಿಲ್ದಾಣ

ಪ್ರಶ್ನೆ: ಬ್ರಿಟಿಷ್ ‘ಓಓ’ ಅಳತೆಯ ಉಗಿಬಂಡಿ ಮಾದರಿಗೆಂದು ರಟ್ಟಿನಲ್ಲಿ ಇಟ್ಟಿಗೆಯ ನಿಲ್ದಾಣ ಕಟ್ಟಿದೆ. ಹಳಿಯ ಅಗಲ ಒಂದೇ ಎಂದು 1:87ರ (ನಿಜದ ಅಳತೆಯ 87ರಲ್ಲೊಂದು ಪಾಲಿನ) ಮಾದರಿಯ ನಕ್ಷೆ ಬಳಸಿದ್ದೆ. ಈಗ ಕಟ್ಟಡ ಕುಳ್ಳಾಗಿಯೂ ಗೋಡೆ ಆಟಿಕೆಯಂತೆಯೂ ಕಾಣುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಕೋಲಾರ

ಉತ್ತರ: ತಾವು ಎಡವಿದ್ದು ಹಳಿಯಲ್ಲೇ. ಎರಡೂ ಮಾದರಿಗಳು 16.5 ಮಿ.ಮೀ. ಹಳಿಯ ಮೇಲೇ ಓಡುತ್ತವಾದರೂ, ‘ಓಓ’ದಲ್ಲಿ ನಿಜದ ಒಂದು ಅಡಿಗೆ 4 ಮಿ.ಮೀ., ಅಂದರೆ ಸುಮಾರು 1:76ರ ಲೆಕ್ಕ. ಆ ಲೆಕ್ಕಕ್ಕೆ ಹಳಿಯೇ ಕಿರಿದು, ನಿಜವಾಗಿ 18.83 ಮಿ.ಮೀ. ಇರಬೇಕಿತ್ತು. ಆದ್ದರಿಂದ ಹಳಿಯನ್ನಲ್ಲ, ಬಾಗಿಲನ್ನು ಅಳೆಯಬೇಕು: ಆರೂವರೆ ಅಡಿಯ ಬಾಗಿಲು ‘ಓಓ’ದಲ್ಲಿ 26 ಮಿ.ಮೀ. ಬಂದರೆ, 1:87ರಲ್ಲಿ 23ಕ್ಕೆ ಇಳಿಯುತ್ತದೆ. ಗೋಡೆಯನ್ನು ಹೊಸದಾಗಿಯೇ ಕತ್ತರಿಸಿಕೊಳ್ಳಿ. ತೇಪೆ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ.

ಒಂಬತ್ತಿಂಚಿನ ಇಟ್ಟಿಗೆಗೆ 3 ಮಿ.ಮೀ. ಉದ್ದ, ಗಾರೆ ಸೇರಿ ಒಂದು ವರಸೆಗೆ 1 ಮಿ.ಮೀ. ಎತ್ತರದಂತೆ ಗೆರೆ ಕೊರೆದು, ಮೊದಲು ಒಂದು ಕೈ ವಾರ್ನಿಷ್ ಬಳಿಯಿರಿ, ಇಲ್ಲವಾದರೆ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಳಿಕ ಬಳಿದ ಇಟ್ಟಿಗೆಯ ಕೆಂಪು ಬಣ್ಣ ಒಣಗಿದ ಮೇಲೆ ನೀರಾಗಿಸಿದ ತಿಳಿಬೂದು ಅಕ್ರಿಲಿಕ್ ಬಣ್ಣವನ್ನು ಸವರಿ ತಕ್ಷಣ ಬಟ್ಟೆಯಿಂದ ಒರೆಸಿದರೆ, ಸಂದುಗಳಲ್ಲಷ್ಟೇ ‘ಗಾರೆ’ ಉಳಿಯುತ್ತದೆ. ಉಗಿಬಂಡಿಯ ಮಸಿಗೆ ಸೂರಿನಡಿ ಚಿಟಿಕೆ ಇದ್ದಿಲ ಪುಡಿ ಸಾಕು.

ಅಂದಹಾಗೆ, ಹಿಂದೆ ಕೋಲಾರಕ್ಕೆ ಬರುತ್ತಿದ್ದ ಎರಡೂವರೆ ಅಡಿಯ ನ್ಯಾರೋಗೇಜ್ ಹಳಿ ಇದೇ ಲೆಕ್ಕದಲ್ಲಿ ಸರಿಯಾಗಿ 10 ಮಿ.ಮೀ. ಆಗುತ್ತದೆ.