ಹಳೇ ಕಂಪ್ಯೂಟರಿಗೆ ಹಗುರವಾದ ಓಎಸ್ (ಆಪರೇಟಿಂಗ್ ಸಿಸ್ಟಮ್) ಯಾವುದು?

ಪ್ರಶ್ನೆ: ಮಗ ಕಾಲೇಜಿಗೆ ಹೋಗುವಾಗ ಕೊಡಿಸಿದ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೊ, 2 ಜಿಬಿ ರ್‍ಯಾಮ್, ವಿಂಡೋಸ್ 7. ಸಹಕಾರ ಸಂಘದ ನಡಾವಳಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ, ಬಿಡುವಾದಾಗ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುತ್ತೇನೆ. ಈಗೀಗ ಬ್ರೌಸರ್ ತೆರೆದರೆ ಸಿಸ್ಟಮ್ ತೆವಳುತ್ತದೆ. ಅಂಗಡಿಯವರು ಗುಜರಿಗೆ ಹಾಕಿ ಅಂತಾರೆ. ಹಾಕಲಾ?
– ಓದುಗರು, ಸಾಗರ

ಉತ್ತರ: ಬೇಡ ಸರ್. ನಿಮ್ಮದು 64 ಬಿಟ್ ಪ್ರೊಸೆಸರ್, ಅದೇ ದೊಡ್ಡ ಅದೃಷ್ಟ. ಆದರೆ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸುರಕ್ಷತಾ ಅಪ್‌ಡೇಟ್ ನಿಂತಿದೆ. ಅದರಲ್ಲಿ ಬ್ಯಾಂಕಿನ ಕೆಲಸವನ್ನಂತೂ ಮಾಡಬೇಡಿ. ವಿಂಡೋಸ್ 10ರ ಕಥೆಯೂ 2025ರ ಅಕ್ಟೋಬರಿಗೆ ಮುಗಿಯಿತು. 11 ನಿಮ್ಮ ಯಂತ್ರವನ್ನು ಒಪ್ಪುವುದಿಲ್ಲ. ಉಳಿದದ್ದು ಲಿನಕ್ಸ್, ಅಂದರೆ ಉಚಿತವಾಗಿ ಸಿಗುವ ಇನ್ನೊಂದು ಬಗೆಯ ಓಎಸ್.

ಎಲ್ಲರೂ ಅತಿ ಹಗುರವಾದದ್ದನ್ನೇ ಹುಡುಕುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಓಎಸ್ ಎಷ್ಟೇ ಹಗುರವಿರಲಿ, ಬ್ರೌಸರ್ ಹಗುರವಾಗುವುದಿಲ್ಲವಲ್ಲ! ರ್‍ಯಾಮ್ ತಿನ್ನುವುದು ಅದೇ. ಹಾಗಾಗಿ ಮೊದಲು ರ್‍ಯಾಮ್ 4 ಜಿಬಿ ಮಾಡಿಸಿ. ಬೋರ್ಡಿಗೆ ಡಿಡಿಆರ್2 ಬಗೆಯದು ಬೇಕೋ ಡಿಡಿಆರ್3 ಬಗೆಯದು ಬೇಕೋ ನೋಡಿಕೊಳ್ಳಿ, ಸೆಕೆಂಡ್ ಹ್ಯಾಂಡ್ ಸಾಕು. ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ವೇಗದ ಚಿಕ್ಕ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಬರುತ್ತದೆ, ನೋಟವೂ ವಿಂಡೋಸ್ 7ರ ಹಾಗೇ ಇದೆ: ಕೆಳಗೆ ಪಟ್ಟಿ, ಎಡಗಡೆ ಮೆನು. ಯೂಟ್ಯೂಬನ್ನು 480ಪಿಯಲ್ಲಿ ನೋಡಿ. ರ್‍ಯಾಮ್ ಹಾಕಿಸುವುದು ಆಗದಿದ್ದರೆ ಮಾತ್ರ ಆಂಟಿಎಕ್ಸ್ ಎಂಬ ಇನ್ನೂ ಹಗುರವಾದ ಲಿನಕ್ಸ್.

ಈಗ ನುಡಿ ವಿಚಾರ. ಫೈಲುಗಳನ್ನು ನೋಡದೆ ಯಾವುದನ್ನೂ ಅಳಿಸಬೇಡಿ. ನುಡಿಯ ಹಳೇ ಫಾಂಟಿನಲ್ಲಿರುವ ನಡಾವಳಿಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಮಿಂಟ್ ಜೊತೆ ಬರುವ ಬರವಣಿಗೆ ತಂತ್ರಾಂಶ ಲಿಬ್ರೆ ಆಫೀಸಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಆ ಫಾಂಟುಗಳನ್ನು ಲಿನಕ್ಸಿಗೂ ಕಾಪಿ ಮಾಡಿಕೊಂಡರೆ ಓದಲು ಬರುತ್ತದೆ. ಮುಂದೆ ತಿದ್ದುವಂಥವನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿಬಿಡಿ. ಅರ್ಕಾವತ್ತು ಇರುವ ಕಡೆ ಒಂದೊಂದು ಸಲ ಎಡವಟ್ಟಾಗುತ್ತದೆ, ಒಮ್ಮೆ ಓದಿ ನೋಡಿ. ಹೊಸದಾಗಿ ಟೈಪ್ ಮಾಡಲು ಐಬಸ್ ಜೊತೆ ಎಂ17ಎನ್ (ಎರಡೂ ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶಗಳು) ಹಾಕಿಕೊಂಡು, ಕನ್ನಡದಲ್ಲಿ ಕೆಜಿಪಿ ಅನ್ನುವ ಕೀಲಿಮಣೆ ವಿನ್ಯಾಸವನ್ನು ಆರಿಸಿ. ಒತ್ತಕ್ಷರಕ್ಕೆ ಎಫ್ ಒತ್ತುವ ನಿಮ್ಮ ಅಭ್ಯಾಸ ಅಲ್ಲೂ ನಡೆಯುತ್ತದೆ.

ಇನ್‌ಸ್ಟಾಲ್ ಮಾಡುವ ಮೊದಲು 8 ಜಿಬಿ ಪೆನ್‌ಡ್ರೈವಿನಿಂದಲೇ ಮಿಂಟ್ ನಡೆಸಿ ನೋಡಬಹುದು. ಆಗ ಡಿಸ್ಕಿನಲ್ಲಿರುವ ಯಾವುದಕ್ಕೂ ಏನೂ ಆಗುವುದಿಲ್ಲ. ಸಂಘದ ಪ್ರಿಂಟರ್ ಕೆಲಸ ಮಾಡುತ್ತದಾ ಅಂತ ಅಲ್ಲೇ ಒಂದು ಹಾಳೆ ತೆಗೆದು ನೋಡಿ.

ಪ್ರಶ್ನೆ: ಆಟಮ್ ಪ್ರೊಸೆಸರಿನ, 1 ಜಿಬಿ ರ್‍ಯಾಮಿನ ಪುಟ್ಟ ನೆಟ್‌ಬುಕ್ ಇದೆ. 32 ಬಿಟ್. ಮಗಳ ಆನ್‌ಲೈನ್ ಪಾಠಕ್ಕೆ ಆಗುತ್ತದಾ?
– ಓದುಗರು, ಹಾವೇರಿ

ಉತ್ತರ: ಪಾಠಕ್ಕೆ ಆಗುವುದಿಲ್ಲ, ಸುಮ್ನೆ ಒದ್ದಾಡಬೇಡಿ. ವಿಡಿಯೊ ಕರೆಯನ್ನು ಅದು ತಾಳುವುದಿಲ್ಲ. 32 ಬಿಟ್ಟನ್ನು ದೊಡ್ಡವರೆಲ್ಲ ಕೈಬಿಡುತ್ತಿದ್ದಾರೆ. ಎಷ್ಟೋ ಲಿನಕ್ಸುಗಳಿಗೆ ತಳಹದಿಯಾದ ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ ಹಾಕಿಕೊಟ್ಟರೆ ಟೈಪಿಂಗ್ ಕಲಿಯಲು, ಪಿಡಿಎಫ್ ಓದಲು, ಹಾಡು ಕೇಳಲು ಧಾರಾಳವಾಗಿ ಆಗುತ್ತದೆ.