‘ನಾಳೆ ರಜಾ ಇದೆಯಾ ಮೇಡಂ?’

ಮಳೆಗಾಲ ಹಿಡಿಯಿತೆಂದರೆ ಚಿಕ್ಕಮಗಳೂರಿನ ಕಾಲೇಜುಗಳ ಇನ್‌ಸ್ಟಾಗ್ರಾಂ ಪುಟಕ್ಕೆ ರಾತ್ರಿಯಿಡೀ ಇದೊಂದೇ ಪ್ರಶ್ನೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಹಳ್ಳ ಉಕ್ಕಿದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಅದು ಶಾಲೆಗಷ್ಟೋ, ಡಿಗ್ರಿಗೂ ಇದೆಯೋ ಎಂಬ ಗೊಂದಲ ಪ್ರತಿ ಸಲವೂ ಇದ್ದದ್ದೇ. ಹಳೇ ಆದೇಶದ ತಾರೀಕು ತಿದ್ದಿ ವಾಟ್ಸಾಪ್‌ಗೆ ಬಿಡುವವರೂ ಇದ್ದಾರೆ. ಆ ಪುಟ ನೋಡಿಕೊಳ್ಳುವ ಅಧ್ಯಾಪಕರು ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ಇದೇ ಮೊದಲಲ್ಲ. ಈ ಪ್ರಕರಣ ಮಾತ್ರ ನನ್ನನ್ನು ಬಿಡದೆ ಕಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಆಕೆ ಪದವಿ ಕಾಲೇಜೊಂದರ ಉಪನ್ಯಾಸಕಿ. ಪಾಠ, ಮೌಲ್ಯಮಾಪನ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲುಗಳು ಸಾಲದೆಂಬಂತೆ ‘ನೀವು ಚಿಕ್ಕವರು, ನಿಮಗೆ ಗೊತ್ತಾಗುತ್ತೆ’ ಎಂದು ಸೋಷಿಯಲ್ ಮೀಡಿಯಾವನ್ನೂ ತಲೆಗೆ ಕಟ್ಟಿದ್ದರು. ಐದು ವಿದ್ಯಾರ್ಥಿಗಳ ತಂಡ, ಎಲ್ಲರ ಕೈಯಲ್ಲೂ ಒಂದೇ ಪಾಸ್‌ವರ್ಡ್. ಜುಲೈನ ಒಂದು ರಾತ್ರಿ ತಂಡದ ಹುಡುಗನೊಬ್ಬ ನಕಲಿ ಆದೇಶವನ್ನು ನಂಬಿ ಪುಟಕ್ಕೆ ಹಾಕಿಬಿಟ್ಟ. ಮರುದಿನ ಇಂಟರ್ನಲ್ಸ್ ಪರೀಕ್ಷೆ ಇತ್ತು. ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ಸಭೆಯಲ್ಲಿ ಪ್ರಾಂಶುಪಾಲರು ‘ಯಾರು ಹಾಕಿದ್ದು?’ ಎಂದಾಗ ಈಕೆ ಹೆಸರು ಹೇಳಿದರು. ಕಳಸದ ಕಡೆ ಕಾಫಿತೋಟದಲ್ಲಿ ಕೂಲಿ ಮಾಡುವ ಹುಡುಗನ ಅಪ್ಪ ಒಂದು ದಿನದ ಸಂಬಳ ಬಿಟ್ಟು, ಬಸ್ಸು ಹತ್ತಿ ಬಂದು, ಚೇಂಬರಿನಲ್ಲಿ ಕೈಕಟ್ಟಿ ನಿಂತರು.

ಮೊದಲೆರಡು ಭೇಟಿಯಲ್ಲಿ ಮೊಬೈಲ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುವುದು, ಹುಡುಗನ ಮೇಲಿನ ಸಿಟ್ಟು, ಇಷ್ಟೇ. ಮೂರನೇ ಸಲ ನಾನು ಕೇಳಿದೆ: “ತಂಡದ ಗ್ರೂಪಿಗೆ ನೀವು ಕಳಿಸಿದ ಕೊನೆಯ ಹತ್ತು ಮೆಸೇಜ್ ಓದ್ತೀರಾ, ಜೋರಾಗಿ?”

ಓದತೊಡಗಿದರು. ‘ಯಾರು ಹಾಕಿದ್ದು ಇದನ್ನ?’ ‘ತಕ್ಷಣ ಡಿಲೀಟ್ ಮಾಡಿ.’ ‘ಸರ್ ಫೋಟೋ ಮೊದಲು ಬರಬೇಕು, ಎಷ್ಟು ಸಲ ಹೇಳೋದು?’ ‘ರೀಲ್ ಇನ್ನೂ ಆಗಿಲ್ವಾ?’ ರೀಲಿನ ಆ ಮೆಸೇಜ್ ಕಳಿಸಿದ್ದು ರಾತ್ರಿ 11.40ಕ್ಕೆ. ಏಳನೆಯದಕ್ಕೆ ದನಿ ನಿಂತಿತು.

“ಮೇಡಂ, ನಮ್ಮ ಸರ್ ನನಗೆ ಕಳಿಸೋದೂ ಹೀಗೇ.”

ನಾನು ಮಾತಾಡಲಿಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು. ಮೊಬೈಲನ್ನು ಮೇಜಿನ ಮೇಲೆ ಕವುಚಿಟ್ಟು ಆಕೆ ಹೇಳಿದರು: “ಅವತ್ತು ಅವನು ನನಗೆ ಫೋನ್ ಮಾಡಿದ್ದ. ಹತ್ತೂವರೆಗೆ, ಎರಡು ಸಲ. ಮಗು ಆಗಷ್ಟೇ ಮಲಗಿತ್ತು, ನಾನು ಎತ್ತಲಿಲ್ಲ. ಸಭೆಯಲ್ಲಿ ಅದನ್ನ ಹೇಳ್ಲೂ ಇಲ್ಲ.”

ಆಕೆಯ ನಿದ್ದೆ ಕೆಡಿಸಿದ್ದು ಇದು. ‘ನಿಮ್ಮದೇನೂ ತಪ್ಪಿಲ್ಲ ಬಿಡಿ’ ಎನ್ನಲು ನನಗೆ ಬಾಯಿ ಬರಲಿಲ್ಲ. ಫೋನ್ ಎತ್ತದಿದ್ದದ್ದು ತಪ್ಪಲ್ಲ, ಅದು ನಿಮ್ಮ ಮನೆಯ ಹೊತ್ತು. ಎತ್ತದಿದ್ದರೆ ಏನು ಮಾಡಬೇಕೆಂದು ಹುಡುಗನಿಗೆ ಮೊದಲೇ ಕಲಿಸದಿದ್ದದ್ದು, ಆಮೇಲೆ ಆ ಎರಡು ಕರೆಗಳನ್ನು ಮುಚ್ಚಿಟ್ಟದ್ದು ತಪ್ಪು ಎಂದೆ. ಆಕೆ ಅತ್ತರು. ಪ್ರಾಂಶುಪಾಲರಿಗೆ, ಹುಡುಗನಿಗೆ, ಅವನ ಅಪ್ಪನಿಗೆ ಆ ಕರೆಗಳ ವಿಷಯ ನೀವೇ ಹೇಳಿ ಎಂಬುದು ನನ್ನ ಮೊದಲ ಸಲಹೆ. ಜವಾಬ್ದಾರಿ ಬಿಟ್ಟುಬಿಡು ಎಂದು ಗಂಡ ಹೇಳುತ್ತಿದ್ದರಂತೆ. ಈಗಲೇ ಬಿಟ್ಟರೆ ಆರೋಪ ಹುಡುಗನ ತಲೆಯ ಮೇಲೆಯೇ ಉಳಿಯುತ್ತದೆ. ಅದಕ್ಕೆ ನಾನು ಒಪ್ಪಲಿಲ್ಲ.

ಉಳಿದದ್ದು ವ್ಯವಸ್ಥೆಯ ಮಾತು. ಪ್ರಾಂಶುಪಾಲರ ಸಹಿಯಿಲ್ಲದ ರಜೆಯ ಸೂಚನೆ ಪುಟಕ್ಕೆ ಹೋಗಕೂಡದು. ಏನೇ ಹಾಕುವ ಮೊದಲೂ ಇನ್ನೊಬ್ಬರ ಕಣ್ಣು ಬೀಳಬೇಕು. ರಾತ್ರಿ 9ರ ಮೇಲೆ ಗ್ರೂಪ್ ಮೌನ. ಇಂಥ ಪುಟಗಳನ್ನು ನಿರ್ವಹಿಸಲು ಇರುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಅಧಿಕಾರ ಕೊಡಬಹುದು, ಪಾಸ್‌ವರ್ಡ್ ಹಂಚಬೇಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬೈಗುಳದ ಪದಗಳ ಪಟ್ಟಿ ಕೊಟ್ಟರೆ ಅಂಥ ಕಾಮೆಂಟು ತಾನಾಗಿ ಮರೆಯಾಗುತ್ತದೆ. ಕನ್ನಡದ ಬೈಗುಳ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಪ ಎರಡನ್ನೂ ನಾವೇ ಸೇರಿಸಬೇಕು. ಹತ್ತೊಂಬತ್ತರ ಮಕ್ಕಳು ಒಬ್ಬೊಬ್ಬರೇ ಕೂತು ಅದನ್ನೆಲ್ಲ ಓದಬಾರದು. ‘ಬದುಕೋಕೆ ಇಷ್ಟವಿಲ್ಲ’ ಎಂಬಂಥ ಸಂದೇಶವೂ ಈ ಪುಟಗಳಿಗೆ ಬರುತ್ತದೆ. ಅದಕ್ಕೆ ಉತ್ತರ ಹುಡುಕುವ ಹೊರೆ ವಿದ್ಯಾರ್ಥಿಯದಲ್ಲ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟು, ತಕ್ಷಣ ಅಧ್ಯಾಪಕರಿಗೆ ತಿಳಿಸಬೇಕು. 2022ರ ಅಕ್ಟೋಬರ್‌ನಿಂದ ಇರುವ ಆ ಸೇವೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಇದು ಆಪ್ತಸಲಹೆಯಲ್ಲ, ಆಡಳಿತದ ಪಾಠ ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಇರಬಹುದು. ಉಸಿರಾಟದ ಅಭ್ಯಾಸವನ್ನೂ ನಾನು ಕಲಿಸಿದೆ. ಆದರೆ ಅಷ್ಟನ್ನೇ ಕಲಿಸಿ ಕಳಿಸಿದ್ದರೆ ಮುಂದಿನ ಆಷಾಢದಲ್ಲಿ ಆಕೆ ಅದೇ ಎದೆಬಡಿತದೊಂದಿಗೆ ವಾಪಸ್ ಬರುತ್ತಿದ್ದರು, ಇನ್ನೊಬ್ಬ ಹುಡುಗನ ಅಪ್ಪ ಕೈಕಟ್ಟಿ ನಿಲ್ಲುತ್ತಿದ್ದರು.

ಪ್ರಾಂಶುಪಾಲರು ಮೊದಲು ರೇಗಿದರು, ಆಮೇಲೆ ಸಹಿಯ ನಿಯಮಕ್ಕೆ ಒಪ್ಪಿದರು. ಅಪ್ಪ ಫೋನಿನಲ್ಲಿ “ಆಯ್ತು ಬಿಡಿ ಮೇಡಂ, ಅವನು ಓದಿದ್ರೆ ಸಾಕು” ಎಂದರಂತೆ. ಆಕೆಗೆ ಈಗ ನಿದ್ದೆ ಬರುತ್ತಿದೆ. ಹುಡುಗ ತರಗತಿಗೆ ಬರುತ್ತಾನೆ, ತಂಡಕ್ಕೆ ಬಂದಿಲ್ಲ. ಇನ್ನೊಮ್ಮೆ ಕರೆಯಲಾ ಎಂದು ಕಳೆದ ವಾರ ಕೇಳಿದರು. ಸದ್ಯ ಬೇಡ, ಅವನ ಪರೀಕ್ಷೆ ಮುಗಿಯಲಿ ಎಂದಿದ್ದೇನೆ.